ಕುಂಕುಮ ಹಚ್ಚದ ಕಾರು

ಮೇ 29, ಗುರುವಾರ

ಪೂಜೆ ಮುಗಿಸಿ ರೊಟ್ಟಿಗೆ ಕೂತಿದ್ದೆ. ಹಿಟ್ಟು ಅರ್ಧ ಉಳಿದಿತ್ತು. ಇವರು ಹೊರಗಿನಿಂದ ಕೂಗಿದರು — ಬಾ ಇಲ್ಲಿ, ನೋಡು. ಹಂಚು ಇಳಿಸಿ ಹೋದೆ.

ಕಾರಿಗೆ ಜಾಕ್ ಹಚ್ಚಿ ತಿರುಗಿಸುತ್ತಿದ್ದರು. ಕಾರು ಏಳುತ್ತಿಲ್ಲ. ಜಾಕೇ ಕಾರಿನೊಳಗೆ ಹೋಗುತ್ತಿದೆ. ಹಪ್ಪಳ ಮುರಿದ ಹಾಗೆ ಸದ್ದು. ಎಡಗಡೆ ಬಾಗಿಲ ಕೆಳಗಿನಿಂದ ಕೆಂಪು ಚೂರು ಉದುರಿದವು. ಒಣ ಮೆಣಸಿನಕಾಯಿ ಸಿಪ್ಪೆಯ ಹಾಗೆ. ಕಸಬರಿಗೆ ತಂದು ಗುಡಿಸಿದೆ. ಮೊರದ ತುಂಬ ಬಂತು. ಇವರು ಮೊರ ನೋಡಿದರು, ಕಾರು ನೋಡಿದರು.

ಬಿಳಿ ಮಾರುತಿ. ಇಪ್ಪತ್ತು ವರ್ಷ ದಾಟಿದೆ. ಇವರು ಇಲ್ಲೇ ನಾಸಿಕ್ ಹತ್ತಿರ ಓಝರ್ ಕಡೆಯ ವಿಮಾನ ಕಾರ್ಖಾನೆಯಲ್ಲಿದ್ದಾಗ ಕೊಂಡದ್ದು. ರಿಟೈರ್ ಆದ ಮೇಲೆ ನಿಂತದ್ದೇ ಹೆಚ್ಚು. ಸೋಮವಾರ ಗುಡಿಗೆ, ನೆಂಟರು ಬಂದರೆ ನಾಸಿಕ್ ರೋಡ್ ಸ್ಟೇಶನ್ನಿಗೆ. ಅಷ್ಟೇ. ಮೇಲೆ ದಿನಾ ಒರೆಸುತ್ತಾರೆ. ಕೆಳಗೆ ಯಾರು ನೋಡಿದರು.

ಈ ಕಾರು ಮಗಳು ಜ್ಯೋತ್ಸ್ನಾಗೆ ಕೊಡುವುದು ಅಂತ ಆಗಿದೆ. ಮೊಮ್ಮಗಳು ಸಾಹಿತ್ಯಳ ಸಲುವಾಗಿ. ಹೋದ ಮಳೆಗಾಲ ಸ್ಕೂಟರ್ ಜಾರಿ ಅದರ ಕೈ ಮುರಿಯಿತು. ಅಂದಿನಿಂದ ಸ್ಕೂಟರ್ ಸ್ಟಾರ್ಟ್ ಮಾಡಿದರೆ ಸಾಕು, ಚೀರುತ್ತದೆ. ಹದಿನಾರನೇ ತಾರೀಖು ಶಾಲೆ ಶುರು. ಅದರೊಳಗೆ ಕಾರು ನಿಮ್ಮ ಬಾಗಿಲಿಗೆ ತರುತ್ತೇನೆ ಅಂತ ಇವರು ಬೀಗರ ಮನೆಯಲ್ಲಿ, ಸಂಭಾಜಿನಗರದಲ್ಲಿ, ಎಲ್ಲರ ಎದುರಿಗೆ ಹೇಳಿ ಬಂದಿದ್ದಾರೆ.

ರೊಟ್ಟಿ ಹಿಟ್ಟು ಒಣಗಿ ಹೋಗಿತ್ತು. ಮತ್ತೆ ನಾದಿದೆ.


ಜೂನ್ 1, ಭಾನುವಾರ

ಲಾಲಸಾಬ ಬಂದ. ಇಂಡಿ ತಾಲೂಕಿನವನು, ನಮ್ಮ ಓಣಿಯ ಹಿಂದೆಯೇ ಮನೆ. ಗೇಟು, ಗ್ರಿಲ್ಲು ವೆಲ್ಡಿಂಗ್ ಮಾಡುತ್ತಾನೆ. ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಹೋದ. ಹೊರಗೆ ಕಾಲು ಮಾತ್ರ ಕಾಣುತ್ತಿದ್ದವು. ನಗುವುದು ಕೇಳಿಸಿತು.

"ಮಾದೇವಪ್ಪಣ್ಣ, ಮ್ಯಾಗ ಮದಿಮಗ ಆಗಿ ನಿಂತೈತಿ. ಕೆಳಗ ಧೋತರನ ಇಲ್ಲ."

ಇವರಿಗೆ ನಗು ಬರಲಿಲ್ಲ. "ಹೊಸ ತಗಡು ಹಾಕಿದ್ರ ಆಗಲ್ಲೇನು? ಮೂವತ್ತು ವರ್ಷ ವಿಮಾನಕ್ಕ ತಗಡು ಕೂಡಿಸೀನಿ. ಎಲ್ಲಾ ರಿವೆಟ್ ಮೊಳಿ, ಬೆಸಗಿನ ಇಲ್ಲ."

"ಆಕಾಶದಾಗ ತಗ್ಗು ದಿನ್ನಿ ಎಲ್ಲೈತಿರಿ ಅಣ್ಣಾ? ಇದಕ್ಕ ಬೆಸಗಿನ ಆಗಬೇಕು."

ಬಾಗಿಲ ಕೆಳಗೆ ಮುಂದಿನ ಗಾಲಿಯಿಂದ ಹಿಂದಿನ ಗಾಲಿಯವರೆಗೆ ಉದ್ದಕ್ಕೂ ಒಂದು ತಗಡಿನ ಪೆಟ್ಟಿಗೆ ಇರುತ್ತದಂತೆ. ರನ್ನಿಂಗ್ ಬೋರ್ಡ್ ಅನ್ನುತ್ತಾರೆ. ಕಾರು ಮಡಚಿಕೊಳ್ಳದ ಹಾಗೆ ಹಿಡಿಯುವುದು ಅದೇ. ಎಡಗಡೆಯದು ಪೂರ್ತಿ ಹೋಗಿದೆ. ಕೊಯ್ದು ತೆಗೆದು ಹೊಸದು ಕೂಡಿಸಬೇಕು. ಆದರೆ ಕೊಯ್ಯುವ ಮೊದಲು ಬಾಗಿಲು ತೆಗೆದು, ಆ ಬಾಯಿಗೆ ಅಡ್ಡಲಾಗಿ ಕಬ್ಬಿಣದ ಚೌಕ ಪೈಪು ಬಿಗಿಯಬೇಕು.

"ಮನಿ ಕಂಬ ತೆಗಿಯೂ ಮುಂದ ತೊಲಿಗೆ ಆಸರ ಕೊಡ್ತೀವಲ್ರಿ ವೈನಿ, ಹಂಗ. ಇಲ್ಲಂದ್ರ ಕುಂದರ್ತೈತಿ" — ನನಗೆ ಹೇಳಿದ. ಇವರಿಗೆ ಹೇಳಲು ಹೆದರಿಕೆ ಇರಬೇಕು.

ಬಕ್ರೀದ್ ಮುಗಿಸಿ ಬರುತ್ತೇನೆ ಅಂದು ಹೋದ. ಇವರಿಗೆ ಅಷ್ಟು ದಿನ ಕಾಯುವುದು ಸರಿ ಬರಲಿಲ್ಲ. ಮೋರೆಯಲ್ಲಿ ಕಂಡಿತು.


ಜೂನ್ 4, ಬುಧವಾರ

ಜ್ಯೋತ್ಸ್ನಾಳ ವಿಡಿಯೋ ಕಾಲ್. ಬೀಗತಿ ಅನಸೂಯಾಬಾಯಿಯವರೂ ಹಿಂದಿನಿಂದ ಇಣುಕಿದರು.

"ಏನ್ರೀ ಬೀಗ್ರ, ಕಾರು ಬರ್ತದೋ, ಬರೀ ಸುದ್ದಿ ಬರ್ತದೋ? ನಮ್ಮ ಸಾಹಿತ್ಯ ಓಣಿ ತುಂಬ ಡಂಗುರ ಹೊಡದಾಳ."

"ಮಾತು ಅಂದ್ರ ಮಾತ್ರಿ" ಅಂದರು ಇವರು. "ಹದಿನೈದಕ್ಕ ನಿಮ್ಮ ಬಾಗಿಲಾಗ ಇರ್ತದ."

ಕಾರಿನ ತಳ ಹೋಗಿದೆ ಅಂತ ಹೇಳಲಿಲ್ಲ. ಕ್ಯಾಮೆರಾ ಬಾನೆಟ್ಟಿನ ಕಡೆ ತಿರುಗಿಸಿ ತೋರಿಸಿದರು. ಹೊಳೆಯುತ್ತಿತ್ತು.


ಜೂನ್ 6, ಶುಕ್ರವಾರ

ಕೊಯ್ದೇ ಬಿಟ್ಟರು. ಒಬ್ಬರೇ. ಸೀಟು ತೆಗೆದು ಅಂಗಳದಲ್ಲಿ ಇಟ್ಟರು, ಬ್ಯಾಟರಿ ಬಿಚ್ಚಿದರು, ಎಡಗಡೆ ಮುಂದೆ ಹಿಂದೆ ಇಟ್ಟಿಗೆ ಕೊಟ್ಟರು. ಗ್ರೈಂಡರ್ ಹಿಡಿದು ಕೂತರು. ನಾನು ಬಕೆಟ್ ನೀರು, ಒದ್ದೆ ಗೋಣಿ ಹಿಡಿದು ನಿಂತೆ. ಕಿಡಿ ನನ್ನ ಸೀರೆಗೂ ಬಿತ್ತು. ಎರಡು ತೂತು.

ಪೈಪು ಬಿಗಿಯದೆ ಕೊಯ್ಯುತ್ತೀರಲ್ಲ ಅಂದೆ.

"ನಾಳೆ ಮುಂಜಾನೆ ತರ್ತೀನಿ. ಒಂದು ರಾತ್ರಿಗೆ ಏನಾಗ್ತದ."

ಸಂಜೆಗೆ ರನ್ನಿಂಗ್ ಬೋರ್ಡ್ ಹೊರಗೆ ಬಿದ್ದಿತ್ತು. ಒಳಗೆ ಇಲಿ ಗೂಡು, ಕೊಳೆತ ಎಲೆ, ಒಂದು ಐದು ಪೈಸೆ. ಐದು ಪೈಸೆ ತೊಳೆದು ದೇವರ ಮುಂದೆ ಇಟ್ಟೆ.


ಜೂನ್ 7, ಶನಿವಾರ

ಇವರು ಚಪ್ಪಲಿ ಮೆಟ್ಟಿ ಚೀಲ ಹಿಡಿದು ಹೊರಟರು. ಎಲ್ಲಿಗೆ ಅಂದೆ. ಪೈಪಿಗೆ ಅಂದರು.

"ಇವತ್ತು ಶನಿವಾರರೀ."

ನಿಂತರು. ಶನಿವಾರ ಕಬ್ಬಿಣ ಹೊಸಿಲು ದಾಟಬಾರದು. ನಮ್ಮ ಮನೆಯಲ್ಲಿ ಮೊಳೆ ಸಹ ತಂದಿಲ್ಲ. ಅತ್ತೆ ಇದ್ದಾಗಿನಿಂದ. ಇವರಿಗೂ ಗೊತ್ತು, ಇವರೂ ನಂಬುತ್ತಾರೆ. ಬಾಯಿಂದ ಹೇಳುವವಳು ನಾನು, ಅಷ್ಟೇ. ಅದೂ ಮೊಮ್ಮಗಳು ಕೂಡುವ ಗಾಡಿಗೆ.

ಚಪ್ಪಲಿ ಬಿಟ್ಟು ಒಳಗೆ ಬಂದರು. "ನಾಳೆ ಆಗಲಿ" ಅಂದರು.

ಲಾಲಸಾಬನ ಮನೆಯಿಂದ ಬಾಳೆಹಣ್ಣು, ಮಿಠಾಯಿ ಬಂತು. ಹಬ್ಬಕ್ಕೆ ನಮಗೆ ಅದನ್ನಷ್ಟೇ ಕಳಿಸುತ್ತಾನೆ. ಪೈಪು ಅವನ ಮನೆಯಲ್ಲೇ ಇದೆಯಂತೆ, ಫೋನಿನಲ್ಲಿ ಹೇಳಿದ. ಆದರೂ ಶನಿವಾರ ಶನಿವಾರವೇ.

ಸಂಜೆ ಮಳೆ. ಚೆನ್ನಾಗಿ ಹೊಡೆಯಿತು. ಕಾರಿನ ಮೇಲೆ ಪ್ಲಾಸ್ಟಿಕ್ ಹಾಕಿದೆವು.


ಜೂನ್ 8, ಭಾನುವಾರ

ಮುಂದಿನ ಇಟ್ಟಿಗೆ ಮಣ್ಣಿನಲ್ಲಿ ಇಳಿದಿದೆ. ಅಂಗಳ ಅಲ್ಲಿ ಹಸಿ ಮಣ್ಣು — ಮೊದಲು ತುಳಸಿಕಟ್ಟೆ ಇದ್ದ ಜಾಗ.

ಇವರು ಎಡ ಬಾಗಿಲು ಹಾಕಿ ನೋಡಿದರು. ಕೂಡಲಿಲ್ಲ. ಎತ್ತಿ ಹಾಕಿದರು. ಕೂಡಲಿಲ್ಲ. ಬಾಗಿಲ ಹಿಂದಿನ ಅಂಚು ಒಂದು ಬೆರಳು ಕೆಳಗೆ ಬಂದು ಕಂಬಕ್ಕೆ ತಾಗುತ್ತಿದೆ.

ಲಾಲಸಾಬ ಹೊಸ ಅಂಗಿಯಲ್ಲೇ ಓಡಿ ಬಂದ. ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದ. ಆ ಕಡೆಯೂ ಅಳೆದ. ದಾರ ಹೊಂದಲಿಲ್ಲ.

"ಕುಂತೈತಿ ಅಣ್ಣಾ. ನಡಾ ಬಗ್ಗೈತಿ."

"ಈಗ?"

"ಈಗ ಏನ್ರಿ. ಜಾಕ್ ಹಚ್ಚಿ ನಿಧಾನ ಎಬ್ಬಿಸಬೇಕು. ದಾರ ಹೊಂದಿದ ಮ್ಯಾಗ ಪೈಪ್ ಬಿಗಿಬೇಕು. ಆಮ್ಯಾಗ ಹೊಲಿಗಿ ಹಾಕಿದಂಗ ಅಲ್ಲೊಂದು ಇಲ್ಲೊಂದು ಬೆಸಗಿ. ಒಮ್ಮೆಲೆ ಮಾಡಿದ್ರ ತಗಡು ಸುಡ್ತೈತಿ. ನಾಕೈದು ದಿನರ ಹಿಡೀತೈತಿ. ಮತ್ತ ನಾ ನಾಳೆ ಮಾಲೇಗಾಂವಕ್ಕ ಹೊಂಟೀನಿ. ಮಗ್ಗದ ಶೆಡ್ಡಿನ ಕೆಲಸ. ಮಾತು ಕೊಟ್ಟೀನಿ."

"ನಾನೂ ಮಾತು ಕೊಟ್ಟೀನಿ" ಅಂದರು ಇವರು.

"ಯಾರಿಗ್ರಿ?"

ಇವರು ದಾರ ಸುತ್ತಿ ಇಟ್ಟರು. ನನ್ನ ಕಡೆ ನೋಡಲೂ ಇಲ್ಲ. ಶನಿವಾರದ ಮಾತು ಯಾರೂ ಎತ್ತಲಿಲ್ಲ. ಚಹಾ ಮಾಡಿ ಕೊಟ್ಟೆ.


ಜೂನ್ 10, ಮಂಗಳವಾರ

ಪಕ್ಕದ ಮನೆಯವರು ಆಲದ ಮರಕ್ಕೆ ದಾರ ಸುತ್ತಲು ಹೊರಟರು. ಕರೆದರು. ನಮ್ಮಲ್ಲಿ ಆ ಪದ್ಧತಿ ಇಲ್ಲ. ಹೋಗಿ ಕೈಮುಗಿದು ಬಂದೆ. ಗಂಡಂದಿರ ಆಯುಷ್ಯದ ಪೂಜೆ, ಕೈಮುಗಿದರೆ ಏನು ಹೋಯಿತು.

ಇವರು ರಿವೆಟ್ ಹೊಡೆಯಲು ಶುರು ಮಾಡಿದ್ದಾರೆ. ಲಾಲಸಾಬನನ್ನು ಕಾಯುವುದಿಲ್ಲವಂತೆ. ಹೊಸ ತಗಡನ್ನು ಚಂದ ಬಗ್ಗಿಸಿದ್ದಾರೆ. ಕೈ ಅಂಥದ್ದು — ಅಳತೆ, ಅಂಚು, ತೂತು ಎಲ್ಲ ಒಂದೇ ಸಾಲು. ನಾನು ಒಳಗಿನಿಂದ ತಗಡು ಒತ್ತಿ ಹಿಡಿದೆ. ಹಿಡಿದಾಗ ಕಂಡಿತು. ರಿವೆಟ್ ಹೋಗಿ ಕೂಡುವ ಹಳೆ ತಗಡು ಕಾಗದದ ಹಾಗಿದೆ. ನನ್ನ ಹೆಬ್ಬೆರಳು ಒಂದು ಕಡೆ ಒಳಗೇ ಹೋಯಿತು.

"ಇಲ್ಲಿ ಏನೂ ಇಲ್ಲರೀ."

"ಸ್ವಲ್ಪ ಆ ಕಡೆ ಹಿಡಿ."

ಆ ಕಡೆ ಹಿಡಿದೆ.


ಜೂನ್ 13, ಶುಕ್ರವಾರ

ಮುಗಿಯಿತು. ಸಂದಿಗೆಲ್ಲ ಪುಟ್ಟಿ ತುಂಬಿ ತಿಕ್ಕಿದರು. ಮೇಲೆ ಬಿಳಿ ಬಣ್ಣ. ಕೆಳಗೆ ಡಾಂಬರಿನಂಥ ಕಪ್ಪು ಕೋಟಿಂಗ್. ಬಾಗಿಲ ಕೊಂಡಿ ಬಿಚ್ಚಿ ಸರಿಸಿ ಹಾಕಿದ್ದಾರೆ. ಈಗ ಬಾಗಿಲು ಕೂಡುತ್ತದೆ. ನೋಡಿದವರು ಹೊಸದು ಅನ್ನಬೇಕು.

ಊಟಕ್ಕೆ ಕೂತಾಗ ಇವರೇ ಅಂದರು, "ಅಳಿಯ ನಿಖಿಲಗ ಒಂದು ಮಾತು ಹೇಳಬೇಕು. ಪಂಕ್ಚರ್ ಆದ್ರ ಎಡಗಡಿ ಜಾಕ್ ಹಚ್ಚಬ್ಯಾಡ ಅಂತ."

ರೊಟ್ಟಿ ಕೈಯಲ್ಲೇ ಉಳಿಯಿತು. ಜಾಕ್ ತಡೆಯದ ಕಡೆ ಕೂಸು ಕೂಡುತ್ತದೆ.

"ಜ್ಯೋತ್ಸ್ನಾಗ ಹೇಳೋಣ್ರಿ. ಲಾಲಸಾಬ ಬರಲಿ. ಒಂದು ತಿಂಗಳು ತಡ ಆದ್ರ ಆಗ್ಲಿ."

"ಊರೊಳಗಿನ ಓಡಾಟ. ಶಾಲಿ, ಮನಿ. ವಿಮಾನ ಹಾರಸೂದದೇನು?"

"ಲಾರಿ ಬಂದು ಬಡದ್ರ?"

"ಬಿಡ್ತು ಅನ್ನು" ಅಂದರು. ಆಮೇಲೆ ಮೆಲ್ಲಗೆ, "ಆ ಬೀಗತಿ ಮುಂದ ನನ್ನ ತಲಿ ತಗ್ಗಸಬ್ಯಾಡ. ಹೇಳಿದ್ರ ನೋಡು."

ಬಿಡ್ತು ಅಂದೆ, ಅದೂ ಮನಸ್ಸಿನಲ್ಲಿ.


ಜೂನ್ 15, ಭಾನುವಾರ. ಸಂಭಾಜಿನಗರ, ಮಧ್ಯಾಹ್ನ

ಜ್ಯೋತ್ಸ್ನಾಳ ಮನೆಯ ಹಿಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ಹೊರಗೆ ಪಾತ್ರೆ ಸದ್ದು ಮಾತ್ರ.

ಮುಂಜಾನೆ ಬೇಗ ನಾಸಿಕ್ ಬಿಟ್ಟೆವು. ಇವರು ನಿಧಾನವೇ ಓಡಿಸಿದರು. ತಗ್ಗು ಬಂದಲ್ಲೆಲ್ಲ ನನ್ನ ಕಾಲಕೆಳಗೆ ಕಿರ್ರ್ ಅಂತಿತ್ತು. ಯೇವಲಾ ದಾಟಿದ ಮೇಲೆ ಇವರು ರೇಡಿಯೋ ಹಚ್ಚಿದರು. ನಾನು ಒಳಗೊಳಗೇ ಶಿವಶಿವಾ ಅಂದುಕೊಂಡು ಬಂದೆ.

ದೌಲತಾಬಾದ್ ಸಮೀಪ ಚಹಾಕ್ಕೆ ನಿಲ್ಲಿಸಿದರು. ನನ್ನ ಬಾಗಿಲು ತೆಗೆಯಲಿಲ್ಲ. ಒಳಗಿನಿಂದ ನೂಕಿದೆ, ಇವರು ಹೊರಗಿನಿಂದ ಎಳೆದರು. ಸಿಕ್ಕಿಕೊಂಡಿತ್ತು. ಡ್ರೈವರ್ ಸೀಟಿನ ಕಡೆಯಿಂದ ಹೊರಳಿ ಹೊರಗೆ ಬಂದೆ. ಭಜಿ ಕರಿಯುವವನು ನೋಡಿ ನಕ್ಕ. ಇವರು ಸ್ಕ್ರೂಡ್ರೈವರ್ ತೆಗೆದು ಕೊಂಡಿ ಇನ್ನಷ್ಟು ಸರಿಸಿದರು. ಬಾಗಿಲು ತೆಗೆಯಿತು. "ಏನಿಲ್ಲ, ಬಿಸಿಲಿಗೆ ತಗಡು ಹಿಗ್ಗೇದ" ಅಂದರು. ಮೋಡ ಕವಿದಿತ್ತು.

ಇಲ್ಲಿ ಗೇಟಿನಲ್ಲಿ ರಂಗೋಲಿ ಹಾಕಿದ್ದರು. ನಿಖಿಲ ಮನೆಯಲ್ಲೇ ಇದ್ದ. ಅಕ್ಕಪಕ್ಕದವರೂ ನಿಂತಿದ್ದರು. ಕಾರು ನಿಂತದ್ದೇ ತಡ ಸಾಹಿತ್ಯ ಓಡಿಬಂದು ಎಡಗಡೆ ಸೀಟಿನಲ್ಲಿ ಹತ್ತಿ ಕೂತಳು. "ಆಜೋಬಾ, ಮಾಝೀ ಗಾಡಿ!" — ಅಜ್ಜಾ, ನನ್ನ ಗಾಡಿ — ಅಂತ ಎರಡೂ ಕೈ ಎತ್ತಿದಳು. ಮುರಿದಿದ್ದ ಕೈ ಸ್ವಲ್ಪ ಸೊಟ್ಟ ನಿಂತಿದೆ.

ಜ್ಯೋತ್ಸ್ನಾ ತಟ್ಟೆ ತಂದಳು. ಕುಂಕುಮ, ಹೂವು, ತೆಂಗಿನಕಾಯಿ, ಗಾಲಿಗೆ ನಿಂಬೆಹಣ್ಣು. ಬೀಗತಿ ಅಂದರು, "ಪೂಜಿ ಪುನಸ್ಕಾರದಾಕಿ ನೀವು. ನಿಮ್ಮ ಕೈಲೇ ಆಗ್ಲಿ."

ತಟ್ಟೆ ನನ್ನ ಕೈಗೆ ಬಂತು. ಬೆರಳಿಗೆ ಕುಂಕುಮ ತಗೊಂಡೆ. ಬಾನೆಟ್ಟಿನ ತನಕ ಹೋದೆ. ಕುಂಕುಮ ಹಚ್ಚುವುದು ಅಂದರೆ ದೇವರ ಮುಂದೆ ಹೇಳಿದ ಹಾಗೆ — ಇದು ಕ್ಷೇಮ, ಇದರಲ್ಲಿ ಕೂಡಬಹುದು ಅಂತ. ಬೆರಳು ಮುಂದೆ ಹೋಗಲಿಲ್ಲ. ಬೆರಳಿನದನ್ನು ತಟ್ಟೆಯ ಅಂಚಿಗೆ ಒರೆಸಿದೆ.

"ಯಾಕವ್ವಾ?" ಅಂದಳು ಜ್ಯೋತ್ಸ್ನಾ.

"ಈ ಕಾರಿನಾಗ ಕೂಸಿನ್ನ ಕೂಡಿಸಬ್ಯಾಡ್ರಿ. ಕೆಳಗ ಗಟ್ಟಿ ಇಲ್ಲ. ಮ್ಯಾಲ ಮುಚ್ಚೀವಿ."

"ಏ!" ಅಂದರು ಇವರು.

ನಿಖಿಲ ಇವರನ್ನೂ ನೋಡಿದ, ನನ್ನನ್ನೂ ನೋಡಿದ. "ಅತ್ತೀ, ಎಲ್ಲಾ ಹೊಸ ತಗಡು ಹಾಕೀನಿ ಅಂದಿದ್ರಲ್ಲ ಮಾವ?"

"ಹೊಸಾದು ಹಾಕ್ಯಾರ. ಹಳೇದಕ್ಕ ಹಿಡಿಸ್ಯಾರ. ಹಿಡೀಲಿಕ್ಕ ಹಳೇದು ಇಲ್ಲೇ ಇಲ್ಲ."

ಇವರ ಮೋರೆ ಕೆಂಪಾಯಿತು. "ಯಾರ ಸಲುವಾಗಿ ಕುಂತಿತು ಅದನ್ನೂ ಹೇಳು. ಹೇಳು ಎಲ್ಲರ ಮುಂದ."

ಹೇಳಿದೆ. ಶುಕ್ರವಾರ ಕೊಯ್ದದ್ದು, ಶನಿವಾರ ಪೈಪು ತರಗೊಡದೆ ಇದ್ದದ್ದು ನಾನು, ಮಳೆ, ಇಟ್ಟಿಗೆ. ಎಲ್ಲ.

ಬೀಗತಿ ಸೆರಗು ಬಾಯಿಗೆ ಹಿಡಿದರು. ನಗು. "ಶನಿವಾರ ಕಬ್ಬಿಣ ನಾವೂ ತರಂಗಿಲ್ರೀ. ಆದ್ರ ಶುಕ್ರವಾರ ಕೊಯ್ದು ಕೂಡಂಗೂ ಇಲ್ಲ."

ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ಇವರು ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಗೇಟು ದಾಟಿ ಹೋದರು. ಎಲ್ಲಿಗೆ ಅಂತ ಹೇಳಲಿಲ್ಲ.

ಸಾಹಿತ್ಯ ಇನ್ನೂ ಒಳಗೇ ಕೂತಿತ್ತು. "ಆಜೀ, ಉತರೂ ಕಾ?" ಅಂತ ಕೇಳಿತು. ಇಳಿ ತಾಯಿ ಅಂದೆ. ಇಳಿಯಿತು. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು.


ಜೂನ್ 16, ಸೋಮವಾರ

ಮೊದಲ ದಿನದ ಶಾಲೆಗೆ ಕೂಸು ರಿಕ್ಷಾದಲ್ಲಿ ಹೋಯಿತು. ನಿಖಿಲ ಜೊತೆಗೆ ಹೋದ. ಜ್ಯೋತ್ಸ್ನಾ ನನ್ನ ಕಾಲಿಗೆ ಬಿದ್ದಳು, ಮೋರೆ ನೋಡಲಿಲ್ಲ.

ಇವರು ರಾತ್ರಿಯೇ ತಿರುಗಿ ಬಂದಿದ್ದರು. ನಾವು ಅದೇ ಕಾರಿನಲ್ಲಿ ಹಿಂದಿರುಗಿದೆವು. ಬಸ್ಸಿಗೆ ಬರುತ್ತೇನೆ ಅನ್ನಲಿಲ್ಲ ನಾನು. ವೈಜಾಪುರ ದಾಟಿದ ಮೇಲೆ ಎದುರಿನ ರಸ್ತೆ ನೋಡುತ್ತಲೇ ಕೇಳಿದರು, "ಕೂಸಿಗೆ ಆಗಲ್ಲ ಅಂದ್ಮ್ಯಾಲ ನೀ ಹ್ಯಾಂಗ ಕುಂತಿ?"

"ನಿಮ್ಮ ಜೋಡಿ ಅಲ್ಲೇನ್ರೀ."

ಅಷ್ಟೇ. ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಕಾರಿನ ಮೇಲೆ ಪ್ಲಾಸ್ಟಿಕ್ ಹೊದಿಸಿದರು, ತಳದವರೆಗೆ.


ಜೂನ್ 25, ಬುಧವಾರ

ಬರೆಯುವಂಥದ್ದು ಇರಲಿಲ್ಲ. ಆವತ್ತಿನಿಂದ ಇವರು ನನ್ನ ಜೊತೆ ಮಾತಾಡುವುದಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತಾರೆ. ಉಪ್ಪು ಕಡಿಮೆ ಆದರೂ ಹೇಳುವುದಿಲ್ಲ. ಮೊನ್ನೆ ಬೇಕೆಂದೇ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಹಾಗೇ ಉಂಡು ಎದ್ದರು.

ಇವತ್ತು ಜ್ಯೋತ್ಸ್ನಾ ಫೋನ್ ಮಾಡಿದಳು. ಅತ್ತೆ ದಿನಾ ಶುಕ್ರವಾರ-ಶನಿವಾರ ಅಂತ ಹಂಗಿಸುತ್ತಾರಂತೆ. ರಿಕ್ಷಾದವನು ಎರಡು ದಿನಕ್ಕೊಮ್ಮೆ ಬರುವುದಿಲ್ಲ. ಆವತ್ತು ಕೂಸಿನ ಶಾಲೆ ತಪ್ಪುತ್ತದೆ.

"ಒಳಗ ಕರದು ನನಗ ಹೇಳಬಹುದಿತ್ತಲ್ಲ ಅವ್ವಾ. ಎಲ್ಲರ ಮುಂದ ಯಾಕ? ಅಪ್ಪಾ ಈಗ ನನ್ನ ಫೋನ್ ಸುದ್ಧಾ ಎತ್ತವಲ್ಲ."

"ಮೊದಲ ಹೇಳಬೇಕಿತ್ತು. ಸುಮ್ನಿದ್ದೆ. ತಟ್ಟಿ ಕೈಯಾಗ ಬಂದ್ಮ್ಯಾಲ ಸುಮ್ನಿರಲಿಕ್ಕ ಆಗಲಿಲ್ಲ."

"ನಿನ್ನ ದೇವ್ರು ನಿನಗ, ಹೌದಲ್ಲ?" ಅಂದಳು. ಫೋನ್ ಇಟ್ಟಳು.

ಪೂಜೆಗೆ ಕೂತೆ. ತಪ್ಪಾಯಿತು ಅನ್ನಲು ಹೋದೆ. ಬಾಯಿಗೆ ಬರಲಿಲ್ಲ. ತಪ್ಪೇ ಆಗಿಲ್ಲ ಅನ್ನಿಸಿತು. ಹಾಗೇ ಎದ್ದೆ.


ಜೂನ್ 26, ಗುರುವಾರ

ಮುಂಜಾನೆ ಮಳೆ ನಿಂತಿತ್ತು. ಇವರು ಪ್ಲಾಸ್ಟಿಕ್ ತೆಗೆದರು. ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಜಾಕ್ ತಂದರು. ಎಡಗಡೆ, ಹೊಸ ತಗಡಿನ ನಡುವೆ, ಎಲ್ಲಿ ಹಚ್ಚಬಾರದು ಅಂದಿದ್ದರೋ ಅಲ್ಲಿ ಇಟ್ಟರು.

ತಿರುಗಿಸಿದರು. ಒಂದು ರಿವೆಟ್ ಹಾರಿತು. ನಿಲ್ಲಲಿಲ್ಲ, ಮತ್ತೆ ತಿರುಗಿಸಿದರು. ಚಟ್, ಚಟ್ ಅಂತ ಸಾಲಾಗಿ ಹಾರಿದವು. ಅಷ್ಟು ಚಂದದ ಸಾಲು. ಪುಟ್ಟಿ ಬಿರಿದು ಹೆಂಟೆ ಹೆಂಟೆಯಾಗಿ ಬಿತ್ತು. ಗಾಲಿ ನೆಲ ಬಿಟ್ಟು ಏಳಲೇ ಇಲ್ಲ.

ಅಲ್ಲೇ ನೆಲದ ಮೇಲೆ ಕೂತರು. ಕೈಯಲ್ಲಿ ಒಂದು ರಿವೆಟ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನಾನು ಹೋಗಲಿಲ್ಲ. ಹೋಗಬೇಕು ಅನ್ನಿಸಿತು, ಹೋಗಲಿಲ್ಲ.

ಆಮೇಲೆ ಫೋನ್ ತೆಗೆದರು. ಹೊರಗೆ ಕೂತೇ ಮಾತಾಡಿದರು. ದನಿ ದೊಡ್ಡದು, ಕೇಳಿಸಿತು.

"ಜ್ಯೋತ್ಸ್ನಾ... ಹೂಂ, ಅಪ್ಪಾನೇ... ನಿಮ್ಮವ್ವ ಅಂದದ್ದು ಖರೇ ಅದ. ನಾನೇ ಮುಚ್ಚಿದ್ದೆ... ಇಲ್ಲ, ಆಕಿ ಹೇಳಲಿಕ್ಕ ಹಚ್ಚಿಲ್ಲ... ನಿಮ್ಮತ್ತಿಗೂ ಕೊಡು ಫೋನ್. ಅವರಿಗೂ ನಾನೇ ಹೇಳ್ತೀನಿ."

ಬೀಗತಿ ಏನಂದರೋ ಗೊತ್ತಿಲ್ಲ. ಇವರು "ಹೌದ್ರಿ... ಹೌದ್ರಿ" ಅನ್ನುತ್ತ ಇದ್ದರು, ಬಹಳ ಹೊತ್ತು.

ಒಳಗೆ ಬಂದು ಕೈ ತೊಳೆದರು. ನನ್ನ ಜೊತೆ ಮಾತಿಲ್ಲ. ಜ್ಯೋತ್ಸ್ನಾಗೆ ಹೇಳಿದರು, ಬೀಗತಿಗೆ ಹೇಳಿದರು. ನನಗೆ ಹೇಳುವುದು ಏನಿದೆ, ನನಗೆ ಗೊತ್ತೇ ಇದೆ.


ಜುಲೈ 1, ಮಂಗಳವಾರ

ಲಾಲಸಾಬ ಮಾಲೇಗಾಂವದಿಂದ ಬಂದಿದ್ದಾನೆ. ಕಾರು ನೋಡಿ ಸಾಮಾನು ತರಲು ಮನೆಗೆ ಹೋದ.

ಮೊದಲು ಬಾಗಿಲು ಬಿಚ್ಚಿದರು. ಕಲ್ಲು ಚಪ್ಪಡಿ ಹಾಸಿ ಅದರ ಮೇಲೆ ಜಾಕ್. ಹಿಂದಿನ ಗಟ್ಟಿ ಭಾಗಕ್ಕೆ ಹಚ್ಚಿ ಒಂದು ಸುತ್ತು ತಿರುಗಿಸುವುದು, ದಾರ ಹಿಡಿಯುವುದು. ಮತ್ತೆ ಒಂದು ಸುತ್ತು. ಮಧ್ಯಾಹ್ನಕ್ಕೆ ದಾರ ಹೊಂದಿತು. ಅಡ್ಡ ಪೈಪು ಬಿಗಿದರು. ಪುಟ್ಟಿಯೆಲ್ಲ ಕೆತ್ತಿ, ಹಳೆ ತಗಡನ್ನು ಗಟ್ಟಿ ಸಿಗುವ ತನಕ ಕೊಯ್ದರು. ಬಹಳ ಹೋಯಿತು. ಕಾರಿನೊಳಗೆ ಕೂತರೆ ಕಾಲ ಕೆಳಗೆ ಅಂಗಳ ಕಾಣುತ್ತದೆ.

ಇವರು ನನ್ನ ಜೊತೆ ಈಗಲೂ ನೇರ ಮಾತಾಡುವುದಿಲ್ಲ. ಲಾಲಸಾಬನ ಕೈಯಲ್ಲಿ ಹೇಳಿಸುತ್ತಾರೆ. ನಾನು ಎರಡು ಮಾರು ದೂರ ನಿಂತಿರುತ್ತೇನೆ.

"ಲಾಲಸಾಬ, ಚಹಾ ಆಗ್ತದೇನು ಕೇಳು."

"ವೈನಿ, ಅಣ್ಣಾ ಚಾ ಕೇಳ್ತಾರ."

"ಹಾಲು ಬಂದಿಲ್ಲ ಅಂತ ಹೇಳಪ್ಪಾ."

"ಅಣ್ಣಾ, ಹಾಲು—"

"ಕೇಳಿಸ್ತು. ಕರೀ ಚಾ ಆದ್ರೂ ನಡೀತದ ಅಂತ ಹೇಳು."

ಲಾಲಸಾಬ ಮಾಸ್ಕ್ ಮೇಲೆತ್ತಿದ. "ನೋಡ್ರಿ, ನಾ ತಗಡು ಕೂಡ್ಸಾಕ ಬಂದೀನಿ. ಇದೂ ಕೂಡ್ಸಬೇಕಂದ್ರ ಮಜೂರಿ ಬ್ಯಾರೆ ಆಗ್ತೈತಿ."

ನಾನು ಒಳಗೆ ಬಂದು ನಕ್ಕೆ. ಇವರು ನಕ್ಕರೋ ಇಲ್ಲವೋ ಗೊತ್ತಿಲ್ಲ. ಕರೀ ಚಹಾ ಕುಡಿದರು.


ಜುಲೈ 4, ಶುಕ್ರವಾರ

ಎಡಗಡೆ ಬೆಸುಗೆ ಮುಗಿಯಿತು. ಲಾಲಸಾಬ ಚುಟುಕು ಚುಟುಕಾಗಿ ಹಾಕಿದ. ಒಂದು ಹಾಕಿ ಆರಲು ಬಿಡುವುದು, ಅಷ್ಟರಲ್ಲಿ ಇನ್ನೊಂದು ತುದಿಗೆ ಹೋಗುವುದು. ಇವರು ಅವನ ಪಕ್ಕ ಕೂತು ಪ್ರತಿ ಬೆಸುಗೆ ಬಡಿದು ನೋಡಿದರು. ಮೂರು ಕಡೆ ಬಿಡಿಸಿ ಮತ್ತೆ ಹಾಕಿಸಿದರು. ಲಾಲಸಾಬ ಗೊಣಗಿದ. ಇವರು ಬಿಡಲಿಲ್ಲ. ಬೆಸುಗೆ ಮೇಲೆ ಕೆಂಪು ಆಕ್ಸೈಡ್ ಬಳಿದದ್ದು ನಾನು.

ಬಾಗಿಲು ಕೂಡಿಸಿದರು. ಕೊಂಡಿ ಹಳೆ ಜಾಗಕ್ಕೇ ತಂದರು. ಒಂದು ಬೆರಳಿನಿಂದ ನೂಕಿದರೆ ಕೂತಿತು.

ಲಾಲಸಾಬ, "ಆತು ಬಿಡ್ರಿ, ಕೊಟ್ಟು ಬರ್ರಿ ಇನ್ನ" ಅಂದ. ಇವರು ಬಲಗಡೆ ಹೋಗಿ ಮಂಡಿಯೂರಿ ಕೂತರು. ಸುತ್ತಿಗೆಯಿಂದ ಬಡಿಯುತ್ತ ಹೋದರು. ಹಿಂದಿನ ಗಾಲಿಯ ಹತ್ತಿರ ಸದ್ದು ಬದಲಾಯಿತು. ಇನ್ನೊಮ್ಮೆ ಬಡಿದರು. ಹೊರಗಿನಿಂದ ಏನೂ ಕಾಣುವುದಿಲ್ಲ, ಬಣ್ಣ ಸಹ ಎದ್ದಿಲ್ಲ.

"ಇದನ್ನೂ ಕೊಯ್ಯಬೇಕು" ಅಂದರು.

"ಅದು ಇನ್ನೂ ಐದು ವರ್ಷ ಬರ್ತೈತ್ರಿ ಅಣ್ಣಾ."

"ಐದು ವರ್ಷ ಆದಮ್ಯಾಲ?"

ಲಾಲಸಾಬ ನನ್ನ ಕಡೆ ನೋಡಿದ. ನಾನು ಬ್ರಶ್ ತೊಳೆಯುತ್ತಿದ್ದೆ.


ಜುಲೈ 6, ಭಾನುವಾರ

ಆಷಾಢ ಏಕಾದಶಿ. ಓಣಿಯ ತುಂಬ ಉಪವಾಸ, ಪಕ್ಕದ ಮನೆಯಿಂದ ಸಾಬೂದಾಣಿ ಖಿಚಡಿ ಬಂತು. ಇವತ್ತೇ ಮೊಹರಂ ಕೂಡ. ಲಾಲಸಾಬ ಬರುವುದಿಲ್ಲ ಅಂತ ನಿನ್ನೆಯೇ ಹೇಳಿ ಹೋಗಿದ್ದಾನೆ. ಇವರು ಒಬ್ಬರೇ ಬಲಗಡೆ ಹಿಡಿದಿದ್ದಾರೆ. ಪೈಪು ಬಿಗಿದಾಗಿದೆ.

ಹತ್ತು ಗಂಟೆಗೆ ಜ್ಯೋತ್ಸ್ನಾಳ ಫೋನ್. ಇವರ ಕೈ ಎಣ್ಣೆಯಾಗಿತ್ತು. ನನ್ನ ಕಡೆ ನೋಡದೆ ಫೋನಿನ ಕಡೆ ಗದ್ದ ತೋರಿಸಿದರು. ಸ್ಪೀಕರ್ ಹಾಕಿ ಕಲ್ಲಿನ ಮೇಲೆ ಇಟ್ಟೆ. ಒಳಗೆ ಹೋಗಬೇಕು ಅಂದುಕೊಂಡೆ. ಹೊಸಿಲಲ್ಲಿ ನಿಂತೆ.

ಮೊದಲು ಸಾಹಿತ್ಯ. ಗಾಡಿ ಕಧೀ ಯೇಣಾರ, ಯಾವಾಗ, ಯಾವಾಗ ಅಂತ. ಆಮೇಲೆ ಜ್ಯೋತ್ಸ್ನಾ. "ಅಪ್ಪಾ, ಅತ್ತಿನೂ ಕೇಳಲಿಕತ್ತಾರ. ಹಂಗಸಲಿಕ್ಕ ಅಲ್ಲ, ಖರೇನೇ ಕೇಳಲಿಕತ್ತಾರ. ಯಾವ ತಾರೀಖಿಗೆ ಅಂತ ಹೇಳಲಿ?"

"ತಾರೀಖ ಹೇಳಂಗಿಲ್ಲ."

"ಮತ್ತ?"

ಇವರು ಗ್ರೈಂಡರ್‌ನ ವೈರು ಸುತ್ತುತ್ತಿದ್ದರು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದರು.

"ನಿಮ್ಮವ್ವ ಕೆಳಗ ಹೋಗಿ ನೋಡ್ತಾಳ. ನೋಡಿ ಕುಂಕುಮ ಹಚ್ಚಿದ ದಿನ ತರ್ತೀನಿ."

ಫೋನ್ ತಾನೇ ಕಟ್ ಆಯಿತು.

ಒಳಗೆ ಬಂದು ಖಿಚಡಿ ಎರಡು ತಟ್ಟೆಗೆ ಹಾಕಿದೆ. ಅದರ ಮೇಲೆ ತಟ್ಟೆ ಮುಚ್ಚಿ ಬರೆಯಲು ಕೂತೆ. ಹೊರಗೆ ಗ್ರೈಂಡರ್ ಸದ್ದು ಇಷ್ಟು ಹೊತ್ತು ಇತ್ತು. ಈಗ ನಿಂತಿದೆ. ಕಾರಿನ ಕೆಳಗೆ ಕತ್ತಲು, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಇನ್ನೊಂದರಲ್ಲಿ ಕೊಯ್ಯಲು ಆಗುವುದಿಲ್ಲ. ಲಾಲಸಾಬ ಇದ್ದರೆ ಹಿಡಿಯುತ್ತಿದ್ದ.

ಏನೋ ಅಂದರು. ಕೇಳಿಸಲಿಲ್ಲ.

ಮತ್ತೆ ಅಂದರು. ನನ್ನ ಹೆಸರು ಹಿಡಿದು, ಚನಬಸವ್ವಾ ಅಂತ. ಲೈಟ್ ಹಿಡಿ ಬಾ ಅಂತ. ನಡುವೆ ಯಾರೂ ಇಲ್ಲ, ನನಗೇ —